ಶೇಷ ಎರಡು

ನನ್ನ ಗಂಡನನ್ನು ಕೊಂದದ್ದು ಐದಡಿ ಅಗಲದ ಒಂದು ಜಗುಲಿ ಎಂದು ನಮ್ಮ ಮನೆಯಲ್ಲಿ ತೀರ್ಮಾನವಾದದ್ದು ಹೋದ ಆಷಾಢದಲ್ಲಿ. ತೀರ್ಮಾನ ಮಾಡಿದ್ದು ಡಾಕ್ಟರಲ್ಲ. ಆಯ ನೋಡುವ ನರಸಿಂಹಯ್ಯನವರು ಟೇಪು ಹಿಡಿದು ಬಂದರು, ಅಳೆದರು, ಗುಣಿಸಿದರು, ಭಾಗಿಸಿದರು, ಶೇಷ ಎಷ್ಟೆಂದು ಹೇಳಿದರು. ಅವರು ಟೇಪು ಸುತ್ತಿ ಜೇಬಿಗೆ ಹಾಕಿಕೊಳ್ಳುವಷ್ಟರಲ್ಲಿ ನಾನು ಗಂಡನನ್ನು ನುಂಗಿಕೊಂಡವಳಾಗಿದ್ದೆ.

ನಾನು ಮಮತ. ದೊಡ್ಡಬಳ್ಳಾಪುರದ ನೇಕಾರರ ಬೀದಿಯೊಂದರಲ್ಲಿ ನಮ್ಮ ಮನೆ. ಹಿಂದೆ ಶೆಡ್ಡಿನಲ್ಲಿ ಕರೆಂಟು ಮಗ್ಗಗಳು, ಮೇಲೆ ಮೈದುನ ನರೇಶನ ಸಂಸಾರ, ಕೆಳಗೆ ನಾನು ಮತ್ತು ಅತ್ತೆ ಗಂಗಲಕ್ಷ್ಮಮ್ಮ. ಮಗಳು ಸ್ನೇಹ ತುಮಕೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ನಾನು ಹೈಸ್ಕೂಲು ಮಕ್ಕಳಿಗೆ ಲೆಕ್ಕದ ಟ್ಯೂಷನ್ ಹೇಳುತ್ತೇನೆ. ಮಗ್ಗದ ಸದ್ದಿನ ಮೇಲೆ ಹೇಳಿ ಹೇಳಿ ನನ್ನ ದನಿ ದೊಡ್ಡದಾಗಿದೆ. ಬೀದಿಯವರು ನನ್ನನ್ನು ಜಗಳಗಂಟಿ ಅನ್ನುವುದಕ್ಕೆ ಅರ್ಧ ಕಾರಣ ಆ ದನಿ. ಇನ್ನರ್ಧ ಕಾರಣ ನಾನೇ, ಅದಕ್ಕೆ ನನಗೇನೂ ಬೇಜಾರಿಲ್ಲ.

ಲೆಕ್ಕ ನನಗೆ ಸಂಪಾದನೆಗಿಂತ ಹೆಚ್ಚಾಗಿ ಚಟ. ಬಸ್ ಟಿಕೆಟ್ ಕೈಗೆ ಬಂದರೆ ಅದರ ಅಂಕಿಗಳನ್ನೆಲ್ಲ ಕೂಡಿ ನೋಡದೆ ಬ್ಯಾಗಿಗೆ ಹಾಕುವವಳಲ್ಲ. ನನ್ನ ಗಂಡ ರವಿಶಂಕರ್‌ಗೆ ಲೆಕ್ಕ ಬರುತ್ತಿರಲಿಲ್ಲ, ಆದರೆ ನನ್ನ ಚಟ ಬಹಳ ಇಷ್ಟವಾಗುತ್ತಿತ್ತು. ಮದುವೆಯಾದ ಹೊಸದರಲ್ಲಿ ಸ್ಕೂಟರಿನಲ್ಲಿ ಮಾಕಳಿದುರ್ಗದ ಕಡೆ ಹೋಗುವಾಗ ರೈಲ್ವೆ ಗೇಟು ಬಿದ್ದರೆ ಅವರಿಗೆ ಖುಷಿ. ಗೂಡ್ಸ್ ಗಾಡಿಯ ಡಬ್ಬಿಗಳ ಮೇಲಿನ ಉದ್ದುದ್ದ ನಂಬರನ್ನು ಜೋರಾಗಿ ಓದಿ, "ಒಂಬತ್ರಲ್ಲಿ ಹೋಗುತ್ತಾ, ಇಲ್ವಾ?" ಅನ್ನುವರು. ಮುಂದಿನ ಡಬ್ಬಿ ಬರುವಷ್ಟರಲ್ಲಿ ನಾನು ಅಂಕಿ ಕೂಡಿ ಹೇಳಬೇಕು. ನಾನು ಹೇಳಿದ್ದು ಸರಿಯೋ ತಪ್ಪೋ ಅವರಿಗೆ ಗೊತ್ತಾಗುತ್ತಿರಲಿಲ್ಲ. ಆದರೂ ಪ್ರತಿಸಲ ಶಭಾಷ್ ಅನ್ನುವರು. ಅಂಥ ಗಂಡ ಸಿಕ್ಕಿದ್ದ ನನಗೆ.

ಟ್ಯೂಷನ್ ಮೊದಲು ನಡುಮನೆಯಲ್ಲಿ ನಡೆಯುತ್ತಿತ್ತು. ಅತ್ತೆಯ ಧಾರಾವಾಹಿಗೂ ನನ್ನ ಬೀಜಗಣಿತಕ್ಕೂ ಒಂದೇ ಹೊತ್ತು. ಟಿವಿಯಲ್ಲಿ ಸೊಸೆ ಅಳುವಾಗ ಇಲ್ಲಿ ಮಕ್ಕಳು ವರ್ಗಸಮೀಕರಣ ಬಿಟ್ಟು ಅತ್ತ ತಿರುಗಿ ಕೂತಿರುತ್ತಿದ್ದವು. ದಿನಾ ಕಿರಿಕಿರಿ. ಕೊನೆಗೆ ರವಿಯೇ ಬೀದಿ ಕಡೆಯ ತೆರೆದ ಜಗುಲಿಗೆ ಗೋಡೆ ಕಟ್ಟಿಸಿ ಉದ್ದನೆಯ ಕೋಣೆ ಮಾಡಿಕೊಟ್ಟರು. ಎದುರುಬದುರಾಗಿ ಎರಡು ಸಾಲು ಮಕ್ಕಳು, ನಡುವೆ ನಾನು ಓಡಾಡುವಷ್ಟು ದಾರಿ. ಅತ್ತೆಗೆ ಟಿವಿ ಸಿಕ್ಕಿತು, ನನಗೆ ಗೋಡೆ ತುಂಬ ಕಪ್ಪು ಬಣ್ಣ ಬಳಿದ ಬೋರ್ಡು ಸಿಕ್ಕಿತು. ಮನೆಯಲ್ಲಿ ಅಷ್ಟು ನೆಮ್ಮದಿ ಅದಕ್ಕೆ ಮೊದಲು ಯಾವತ್ತೂ ಇರಲಿಲ್ಲ.

ವರ್ಷ ತುಂಬುವ ಮೊದಲೇ ರವಿ ಹೋದರು. ಶೆಡ್ಡಿನಲ್ಲಿ ಮಗ್ಗದ ಪಕ್ಕದಲ್ಲೇ ಕುಸಿದರಂತೆ. ಅವತ್ತು ನಾನು ದೊಡ್ಡಬೆಳವಂಗಲದಲ್ಲಿ ನನ್ನ ತಂಗಿ ಮಗುವಿನ ನಾಮಕರಣದಲ್ಲಿದ್ದೆ. ಹೃದಯಾಘಾತ ಎಂದು ಆಸ್ಪತ್ರೆಯಲ್ಲಿ ಹೇಳಿದರು. ಅದಾದ ಮೇಲೆ ಮೂರು ವರ್ಷ ಕಳೆಯಿತು. ನಾನೂ ಅತ್ತೆಯೂ ಹೇಗೋ ಒಂದೇ ಸೂರಿನಡಿ ಉಸಿರಾಡುವುದನ್ನು ಕಲಿತುಕೊಂಡಿದ್ದೆವು.

ಹೋದ ವರ್ಷ ನರೇಶನಿಗೆ ಮೇಲಿಂದ ಮೇಲೆ ಏಟು ಬಿತ್ತು. ಎರಡು ಮಗ್ಗದ ಮೋಟರು ಸುಟ್ಟವು. ಬೈಕಿನಲ್ಲಿ ಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ. ಕುಂಟುತ್ತಾ ಕೂತವನಿಗೆ ಯಾರೋ ತಲೆಗೆ ಹುಳ ಬಿಟ್ಟರು: ಮನೆಯ ಆಯ ಕೆಟ್ಟಿರಬಹುದು, ನೋಡಿಸು.

ಆಯ ಎಂದರೆ ನಮ್ಮ ಕಡೆ ಮನೆ ಕಟ್ಟುವವರು ನೋಡಿಸುವ ಲೆಕ್ಕ. ಮನೆಯ ಉದ್ದ, ಅಗಲ ಅಡಿಯಲ್ಲಿ ಅಳೆದು ಗುಣಿಸುತ್ತಾರೆ. ಬಂದದ್ದನ್ನು ಒಂಬತ್ತರಿಂದ ಗುಣಿಸಿ ಎಂಟರಿಂದ ಭಾಗಿಸುತ್ತಾರೆ. ಶೇಷ ಒಂದು ಉಳಿದರೆ ಧ್ವಜ, ಎರಡು ಧೂಮ, ಮೂರು ಸಿಂಹ, ನಾಲ್ಕು ನಾಯಿ, ಐದು ಎತ್ತು, ಆರು ಕತ್ತೆ, ಏಳು ಆನೆ, ಏನೂ ಉಳಿಯದಿದ್ದರೆ ಕಾಗೆ. ಬೆಸ ಉಳಿದರೆ ಒಳ್ಳೆಯದು, ಸಮ ಉಳಿದರೆ ಕೆಟ್ಟದ್ದು. ತೆರೆದ ಜಗುಲಿ ಈ ಅಳತೆಗೆ ಸೇರುವುದಿಲ್ಲ. ಗೋಡೆ ಬಂದ ಕೂಡಲೇ ಸೇರುತ್ತದೆ.

ನರಸಿಂಹಯ್ಯನವರು ನಡುಮನೆಯಲ್ಲಿ ಕೂತು ಬೆರಳಲ್ಲೇ ಲೆಕ್ಕ ಹಾಕಿದರು. ವಯಸ್ಸಾದ ಮನುಷ್ಯ, ಮೆತ್ತಗಿನ ಮಾತು. ಅವರ ಮೇಲೆ ನನಗೆ ಸಿಟ್ಟಿಲ್ಲ ಎಂದರೆ ಸುಳ್ಳು, ಆದರೆ ದ್ವೇಷವಿಲ್ಲ.

"ಕೋದಂಡರಾಮಯ್ಯನೋರು ಈ ಮನೆ ಕಟ್ಸುವಾಗ ನಮ್ಮ ತಂದೆಯೋರ ಹತ್ರನೇ ಆಯ ನೋಡ್ಸಿದ್ದು," ಎಂದರು. ಕೋದಂಡರಾಮಯ್ಯ ನನ್ನ ಮಾವ, ತೀರಿಕೊಂಡು ಬಹಳ ವರ್ಷವಾಯಿತು. "ಆಗ ಇಪ್ಪತ್ತೈದಕ್ಕೆ ಮೂವತ್ತೇಳಿತ್ತು. ಐದು ಉಳೀತಿತ್ತು. ವೃಷಭಾಯ, ನೇಯೋರ ಮನೆಗೆ ಒಳ್ಳೇದು. ಈಗ ಜಗಲಿ ಸೇರಿ ಇಪ್ಪತ್ತೈದಕ್ಕೆ ನಲವತ್ತೆರಡಾಗದೆ. ಎರಡು ಉಳೀತದೆ."

"ಎರಡು ಅಂದ್ರೆ?" ನರೇಶ ಕೇಳಿದ.

"ಧೂಮ. ಹೊಗೆ." ನರಸಿಂಹಯ್ಯನವರು ಸ್ವಲ್ಪ ತಡೆದರು. "ಯಜಮಾನನಿಗೆ ಆಗ್ಬರಲ್ಲ ಅಂತಾರಪ್ಪ."

ಹಿಂದೆ ಶೆಡ್ಡಿನಲ್ಲಿ ಮಗ್ಗ ಬಡಿಯುತ್ತಿತ್ತು. ಆಮೇಲೆ ಅತ್ತೆ ನನ್ನ ಕಡೆ ನೋಡಿಕೊಂಡೇ ಹೇಳಿದರು. "ಈ ಕೋಣೆನೇ ನನ್ನ ಮಗನ್ನ ತಿಂತು."

ಹೇಳಿದ್ದು ಕೋಣೆಯ ಹೆಸರು, ನೋಡಿದ್ದು ನನ್ನ ಮುಖ.

"ಒಂದಡಿ ಸಾಕು ತಾಯಿ," ನರಸಿಂಹಯ್ಯನವರು ನನಗೆ ಸಮಾಧಾನ ಹೇಳುವಂತೆ ಅಂದರು. "ಮುಂದಿನ ಗೋಡೆನ ಒಂದಡಿ ಒಳಕ್ ತಗೊಂಬಿಡಿ. ನಲವತ್ತೊಂದಾಗ್ತದೆ, ಒಂದು ಉಳೀತದೆ, ಧ್ವಜಾಯ. ಆಷಾಢ ಕಳೀಲಿ, ಶ್ರಾವಣದಲ್ಲಿ ಕೆಲಸ ಹಿಡಿಯೋಣ."

"ಒಂದು ಮಾತು ಕೇಳ್ಬೋದಾ?" ಅಂದೆ. "ಒಂಬತ್ತರಿಂದ ಯಾಕೆ ಗುಣಿಸ್ತೀರ?"

"ಹಂಗೆ ಪದ್ಧತಿ."

"ಗುಣಿಸ್ದೆ ಭಾಗಿಸಿ ನೋಡಿ. ಇಪ್ಪತ್ತೈದು ಮೂವತ್ತೇಳ್ಲಿ ಒಂಬೈನೂರ ಇಪ್ಪತ್ತೈದು. ಎಂಟರಿಂದ ಭಾಗಿಸಿದ್ರೂ ಐದೇ ಉಳಿಯುತ್ತೆ. ಒಂಬತ್ತು ಅಂದ್ರೆ ಎಂಟರ ಮೇಲೊಂದು. ಎಂಟು ಪಾಲು ಎಂಟರಲ್ಲೇ ಹೋಗ್ಬಿಡುತ್ತೆ, ಉಳಿಯೋದು ಮೊದಲಿದ್ದಿದ್ದೇ. ನಿಮ್ಮ ಒಂಬತ್ತು ಬಂದು ಕಾಫಿ ಕುಡ್ಕೊಂಡು ಹೋಗುತ್ತೆ, ಕೆಲಸ ಏನೂ ಮಾಡಲ್ಲ."

ಅವರು ನಕ್ಕರು. ನಿಜವಾಗಿಯೂ ಖುಷಿಯಾಗಿತ್ತು ಅವರಿಗೆ. "ಹೌದಲ್ವಾ. ಇಷ್ಟು ವರ್ಷ ಸುಮ್ನೆ ಗುಣಿಸಿದ್ನಲ್ಲ," ಎಂದರು. ನಾನು ಗೆದ್ದೆ ಅಂದುಕೊಂಡೆ. "ಆದ್ರೂ ಎರಡೇ ಉಳೀತದಲ್ಲ ತಾಯಿ," ಎಂದು ಮುಗಿಸಿದರು.

"ಅಡಿ ಬಿಟ್ಟು ಅಂಗುಲದಲ್ಲಿ ಅಳೀರಿ," ಎಂದು ಮತ್ತೆ ಹಿಡಿದೆ. "ಉದ್ದಾನೂ ಹನ್ನೆರಡರಷ್ಟಾಗುತ್ತೆ, ಅಗಲಾನೂ ಹನ್ನೆರಡರಷ್ಟಾಗುತ್ತೆ. ಹನ್ನೆರಡು ಹನ್ನೆರಡ್ಲಿ ನೂರ ನಲವತ್ತನಾಲ್ಕು, ಅದು ಎಂಟರಲ್ಲಿ ಪೂರ್ತಿ ಹೋಗುತ್ತೆ. ಅಂದ್ರೆ ಪೂರಾ ಅಡಿ ಲೆಕ್ಕದಲ್ಲಿ ಕಟ್ಟಿರೋ ಯಾವ ಮನೆನ ಅಂಗುಲದಲ್ಲಿ ಅಳೆದ್ರೂ ಶೇಷ ಸೊನ್ನೆ. ಊರಿಗೆ ಊರೇ ಕಾಗೆ ಮನೆ. ನಿಮ್ಮನೆನೂ ಸೇರಿ."

"ಅಂಗುಲದಲ್ಲಿ ನಾವು ನೋಡಲ್ಲ ತಾಯಿ," ಎಂದರು ನರಸಿಂಹಯ್ಯನವರು. ಅಷ್ಟೇ. ಇಡೀ ಊರನ್ನು ಕಾಗೆ ಮಾಡಿದ ನನ್ನ ವಾದವನ್ನು ಅವರು ನಾಲ್ಕು ಮಾತಿನಲ್ಲಿ ಹೊರಗೆ ಕಳಿಸಿಬಿಟ್ಟರು.

ಅವತ್ತು ಸಂಜೆ ಸ್ನೇಹ ಫೋನ್ ಮಾಡಿದಳು. ಚಿಕ್ಕಪ್ಪ ಅವಳಿಗೆ ಆಗಲೇ ಎಲ್ಲ ಹೇಳಿದ್ದ.

"ಒಂದಡಿ ತಾನೇ ಅಮ್ಮ? ಬಿಟ್ಬಿಡು. ಅಜ್ಜಿಗೆ ಸಮಾಧಾನ ಆಗುತ್ತಲ್ಲ."

"ಒಂದಡಿ ಹೋದ್ರೆ ಮಕ್ಕಳು ಮೊಣಕಾಲು ಮೇಲೆ ಮೊಣಕಾಲು ಹಾಕ್ಕೊಂಡು ಕೂರ್ಬೇಕು."

"ಒಂದೇ ಸಾಲು ಕೂರ್ಸು. ಅರ್ಧ ಜನನ ಬೇರೆ ಹೊತ್ತಿಗೆ ಕರಿ. ಅದಲ್ಲ ನಿನ್ನ ಪ್ರಾಬ್ಲಮ್ಮು, ನಂಗೊತ್ತು."

ಅವಳು ನನ್ನ ಮಗಳು, ಸರಿಯಾಗಿಯೇ ಹಿಡಿದಿದ್ದಳು. ಜಾಗ ಹೇಗಾದರೂ ಹೊಂದಿಸಬಹುದಿತ್ತು. ಆದರೆ ಗೋಡೆಯನ್ನು ಒಂದಡಿ ಒಳಗೆ ತೆಗೆದುಕೊಂಡರೆ, ಅದು ಇದ್ದ ಜಾಗದಲ್ಲಿ ತಪ್ಪಿತ್ತು ಎಂದು ನಾನು ಒಪ್ಪಿಕೊಂಡ ಹಾಗೆ. ನನ್ನ ಟ್ಯೂಷನ್ನಿಗಾಗಿ ಕಟ್ಟಿದ ಗೋಡೆಯಿಂದ ರವಿ ಸತ್ತರು ಎಂದು ನಾನೇ ಇಟ್ಟಿಗೆಯಲ್ಲಿ ಬರೆದುಕೊಟ್ಟ ಹಾಗೆ. ಅತ್ತೆ ಸಾಯುವವರೆಗೆ, ಅವರಾದ ಮೇಲೆ ಬೀದಿಯವರು ಸಾಯುವವರೆಗೆ, ಆ ಹೊಸ ಗೋಡೆ ಅದನ್ನೇ ಹೇಳುತ್ತದೆ. ಸ್ನೇಹಳಿಗೆ ಮದುವೆ ಮಾತು ಬಂದಾಗಲೂ ಅದೇ ಹೇಳುತ್ತದೆ.

"ಒಂದಂಗುಲಾನೂ ಬಿಡಲ್ಲ," ಎಂದೆ.

"ನೀನು ಅಪ್ಪನ ಮುಂದೆ ಮಾತ್ರ ಸೋಲ್ತಿದ್ದೆ," ಎಂದು ಫೋನ್ ಇಟ್ಟಳು. ನನಗೆ ಅಳು ಬಂತು. ಅಳುವುದಕ್ಕೆ ಸರಿಯಾಗಿ ಟ್ಯೂಷನ್ನಿನ ಮಕ್ಕಳೂ ಬಂದವು.

ಆಮೇಲೆ ನಾನು ಒಂದು ಉಪಾಯ ಮಾಡಿದೆ. ಈಗ ನೆನೆಸಿಕೊಂಡರೆ ನಗು ಬರುತ್ತದೆ, ಆಗ ಬಹಳ ಜಾಣತನ ಅನ್ನಿಸಿತ್ತು. ಮಕ್ಕಳಿಗೆಲ್ಲ ಹೋಂವರ್ಕ್ ಕೊಟ್ಟೆ: ನಿಮ್ಮ ನಿಮ್ಮ ಮನೆಯ ಉದ್ದ, ಅಗಲ ಅಡಿಯಲ್ಲಿ ಅಳೆದು ಬನ್ನಿ, ಗುಣಿಸಿ ಎಂಟರಿಂದ ಭಾಗಿಸಿ ಶೇಷ ತನ್ನಿ. ನನ್ನ ಲೆಕ್ಕ ಸರಳವಾಗಿತ್ತು. ಉದ್ದ, ಅಗಲ ಎರಡೂ ಬೆಸವಾದರೆ ಮಾತ್ರ ಗುಣಲಬ್ಧ ಬೆಸ. ಒಂದು ಸಮವಾದರೂ ಸಾಕು, ಶೇಷ ಸಮ. ಹಾಗಾಗಿ ಸುಮ್ಮನೆ ಕಟ್ಟಿದ ಮನೆಗಳಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಕೆಟ್ಟ ಆಯದವೇ ಆಗಿರಬೇಕು. ಆ ಮನೆಗಳಲ್ಲೆಲ್ಲ ಜನ ಉಂಡು, ತಿಂದು, ಮೊಮ್ಮಕ್ಕಳನ್ನು ಆಡಿಸುತ್ತಾ ಚೆನ್ನಾಗಿಯೇ ಇದ್ದಾರೆ. ಅದನ್ನು ಬೋರ್ಡಿನ ಮೇಲೆ ಬರೆದು ಅತ್ತೆಗೆ ತೋರಿಸಿದರೆ ಬಾಯಿ ಮುಚ್ಚುತ್ತದೆ ಅಂದುಕೊಂಡೆ.

ಮಕ್ಕಳು ಎರಡು ದಿನ ಬೀದಿಯನ್ನೆಲ್ಲ ಟೇಪಿನಲ್ಲಿ ಕಟ್ಟಿಹಾಕಿದರು. ಲೆಕ್ಕ ನಾನು ಅಂದುಕೊಂಡ ಹಾಗೇ ಬಂತು. ಹಿಂದೆ ಆಯ ನೋಡಿಸಿ ಕಟ್ಟಿದ ಮನೆಗಳೂ ಆಮೇಲೆ ಬಾತ್‌ರೂಮು, ಶೆಡ್ಡು ಸೇರಿ ಸಮವಾಗಿ ಹೋಗಿದ್ದವು. ಟ್ಯೂಷನ್ನಿಗೆ ಬರುವ ಸಂಘಮಿತ್ರಳ ಮನೆ ನಾಯಿ. ಎದುರು ಮನೆ ಮುತ್ತಮ್ಮನವರದು ಕತ್ತೆ. ಮುತ್ತಮ್ಮನ ಮೊಮ್ಮಗಳು ಹರ್ಷಿತ ಆ ಸುದ್ದಿಯನ್ನು ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಕುಣಿಯುತ್ತಾ ಹೇಳಿಕೊಂಡು ಬಂದಳು. ಇಷ್ಟು ಖುಷಿಯಿಂದ ಮಕ್ಕಳು ಶೇಷ ತೆಗೆದದ್ದನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ.

ಮಾರನೆಯ ದಿನ ಬೆಳಿಗ್ಗೆ ಮುತ್ತಮ್ಮ ಬಾಗಿಲಿಗೆ ಬಂದರು.

"ಏನೇ ಮಮತ, ನಮ್ಮನೆ ಕತ್ತೆ ಮನೆ ಅಂತ ಮಗೀಗೆ ಹೇಳ್ಕೊಟ್ಟಿದ್ದೀಯಂತೆ?"

"ನಾನು ಹೇಳ್ಕೊಟ್ಟಿಲ್ಲ ಮುತ್ತಮ್ಮ, ಅವಳೇ ಅಳೆದಳು. ನಿಮ್ಮತ್ತೆ ಎಂಬತ್ತೈದು ದಾಟಿ ದಿನಾ ದೇವಸ್ಥಾನಕ್ಕೆ ನಡ್ಕೊಂಡ್ ಹೋಗ್ತಾರಲ್ಲ? ಆಯದಿಂದ ಏನೂ ಆಗಲ್ಲ ಅಂತ ತಾನೇ ಅದರರ್ಥ?"

"ಅತ್ತೆ ಇರ್ಲಿ. ನನ್ನ ಸೊಂಟ ನೋವು ಯಾಕೆ ಹೋಗ್ತಿಲ್ಲ ಅಂತ ಈಗ ಗೊತ್ತಾಯ್ತು," ಎಂದು ಮುತ್ತಮ್ಮ ತಿರುಗಿ ನಡೆದರು.

ವಾರ ಕಳೆಯುವುದರೊಳಗೆ ಬೀದಿಯ ಅರ್ಧ ಮನೆಗೆ ನರಸಿಂಹಯ್ಯನವರ ಟೇಪು ಬಿತ್ತು. ಒಬ್ಬರಿಗೆ ಸೊಂಟ, ಒಬ್ಬರಿಗೆ ಮಗನ ಪರೀಕ್ಷೆ, ಇನ್ನೊಬ್ಬರಿಗೆ ಬೋರ್‌ವೆಲ್ಲು. ಎಲ್ಲದಕ್ಕೂ ನನ್ನ ಮಕ್ಕಳು ತಂದ ಶೇಷದಲ್ಲಿ ಕಾರಣ ಸಿಕ್ಕಿತ್ತು. ನರಸಿಂಹಯ್ಯನವರು ದಾರಿಯಲ್ಲಿ ಸಿಕ್ಕಾಗ ಕೈ ಮುಗಿದರು. "ನಿಮ್ಮಿಂದ ನಂಗೆ ಬಿಡುವೇ ಇಲ್ಲ ತಾಯಿ," ಎಂದರು. ಹಂಗಿಸುವ ಮನುಷ್ಯನಲ್ಲ, ನಿಜವಾಗಿಯೇ ಹೇಳಿದ್ದು. ಮನೆಗೆ ಬಂದು ಚಾಪೆಯ ಮೇಲೆ ಕೂತು ನಾನೊಬ್ಬಳೇ ನಕ್ಕೆ. ಮುಕ್ಕಾಲು ಪಾಲು ಜನರಿಗೆ ನಿಮಗೇನೂ ಆಗಿಲ್ಲ ಎಂದು ತೋರಿಸಲು ಹೋಗಿ, ಎಲ್ಲರಿಗೂ ಏನೋ ಆಗಿದೆ ಎಂದು ತೋರಿಸಿಕೊಟ್ಟಿದ್ದೆ.

ನರೇಶ ಪ್ಲಾಸ್ಟರ್ ಕಾಲನ್ನು ಎಳೆದುಕೊಂಡು ಮೆಟ್ಟಿಲಿಳಿದು ಬಂದ. "ನೋಡ್ದ್ರಾ ಅತ್ತಿಗೆ. ಇಡೀ ಬೀದಿ ಸರಿ ಮಾಡ್ಕೊಂತಾ ಇದೆ. ನಾವು ಮಾತ್ರ ಹಟ ಹಿಡ್ಕೊಂಡು ಕೂತಿದ್ದೀವಿ. ಸೋಮವಾರ ಸಂಜೀವಪ್ಪನ್ನ ಬರಾಕ್ ಹೇಳಿದ್ದೀನಿ."

ಸಂಜೀವಪ್ಪ ಆ ಗೋಡೆಯನ್ನು ಕಟ್ಟಿದ ಮೇಸ್ತ್ರಿ.

"ಬರ್ಲಿ," ಅಂದೆ.

ಸೋಮವಾರ ಬೆಳಿಗ್ಗೆ ಶ್ರಾವಣದ ತುಂತುರು ಮಳೆ. ಸಂಜೀವಪ್ಪ ಸುತ್ತಿಗೆ, ಉಳಿ, ಎರಡು ಬಾಂಡ್ಲಿ ತಂದು ಗೇಟಿನ ಒಳಗೆ ಇಟ್ಟ. ನಾನು ಸ್ನಾನ ಮಾಡಿ, ತಲೆ ಬಾಚಿ, ಆ ಕೋಣೆಯಲ್ಲಿ ಮುಂದಿನ ಗೋಡೆಗೆ ಬೆನ್ನು ಕೊಟ್ಟು ಕೂತೆ. ಕೈಯಲ್ಲಿ ಮಕ್ಕಳ ಟೆಸ್ಟ್ ಪೇಪರು ಹಿಡಿದುಕೊಂಡಿದ್ದೆ.

"ಅಕ್ಕ, ಪಕ್ಕಕ್ಕೆ ಬರ್ತೀರಾ?" ಸಂಜೀವಪ್ಪ ಕೇಳಿದ.

"ಬರಲ್ಲ ಸಂಜೀವಪ್ಪ. ನೀನು ಹೊಡಿ. ಗೋಡೆ ಜೊತೆ ನಾನೂ ಬೀಳ್ತೀನಿ."

ಅವನು ನರೇಶನ ಮುಖ ನೋಡಿದ. ನರೇಶ ಒಳಗಿದ್ದ ತನ್ನ ತಾಯಿಯ ಕಡೆ ನೋಡಿದ. ಅತ್ತೆ ನಡುಮನೆಯ ಹೊಸ್ತಿಲಿಗೆ ಬಂದು ನಿಂತರು. ಅವರಿಗೆ ಸಿಟ್ಟು ಬಂದರೆ ತವರಿನ ತೆಲುಗು ಬರುತ್ತದೆ. ಮೊದಲು ಅದರಲ್ಲಿ ನನಗೆ ಬೈಗುಳ ಆಗುವಷ್ಟು ಆಯಿತು. ಆಮೇಲೆ ಕನ್ನಡಕ್ಕೆ ಬಂದರು.

"ಗಂಡನ್ನ ತಿಂದಿದ್ದು ಸಾಲ್ದಾ ನಿಂಗೆ? ಅವನ ತಮ್ಮನ್ನೂ ತಿನ್ಬೇಕಾ?"

"ನಾನು ಯಾರನ್ನೂ ತಿಂದಿಲ್ಲ ಅತ್ತೆ."

"ಹಂಗಾದ್ರೆ ನನ್ನ ಮಗ ಯಾಕ್ ಸತ್ತ? ಹೇಳು. ನಲವತ್ತಾರು ವರ್ಷದ ಗಂಡಸು, ಒಂದು ಜ್ವರ ಇಲ್ಲ, ಒಂದು ಮಾತ್ರೆ ಇಲ್ಲ. ಯಾಕ್ ಸತ್ತ? ಅಂಗುಲ, ಒಂಬತ್ತು, ಬೆಸ, ಸಮ ಅಂತೀಯಲ್ಲ, ನಿನ್ನ ಲೆಕ್ಕದಲ್ಲೇ ಹೇಳು."

ನನ್ನ ಹತ್ತಿರ ಅದಕ್ಕೆ ಲೆಕ್ಕವಿರಲಿಲ್ಲ. ಮೂರು ವರ್ಷದಿಂದ ನಾನೂ ಅದನ್ನೇ ಕೇಳಿಕೊಳ್ಳುತ್ತಿದ್ದೆ. ಪಾತ್ರೆ ತೊಳೆಯುವಾಗ, ಬಸ್ಸಿನಲ್ಲಿ ಕೂತಾಗ, ಬೋರ್ಡು ಒರೆಸುವಾಗ ಕೇಳಿಕೊಂಡಿದ್ದೆ. ಎಷ್ಟು ಸಲ ಭಾಗಿಸಿದರೂ ಏನೋ ಉಳಿಯುತ್ತಿತ್ತು, ಅದಕ್ಕೆ ಹೆಸರಿರಲಿಲ್ಲ. ಹೆಸರಿಲ್ಲದ್ದನ್ನು ಹೊತ್ತುಕೊಂಡು ನಾನು ಬದುಕಿದ್ದೆ. ಅತ್ತೆಗೆ ಅದು ಆಗಲಿಲ್ಲ, ನರಸಿಂಹಯ್ಯನವರು ಕೊಟ್ಟ ಹೆಸರನ್ನು ಎರಡೂ ಕೈಯಲ್ಲಿ ಬಾಚಿಕೊಂಡಿದ್ದರು. ಅದು ನನಗೆ ಅರ್ಥವಾಯಿತು. ಅರ್ಥವಾಯಿತು ಎಂದು ಗೋಡೆ ಬಿಟ್ಟುಕೊಡುವವಳು ನಾನಲ್ಲ.

"ನರೇಶ, ಸಂಜೀವಪ್ಪನ್ನ ಕರ್ಕೊಂಡು ಹೊರಗೆ ನಿಂತ್ಕೊ. ಅತ್ತೆ ಹತ್ರ ಮಾತಾಡ್ಬೇಕು," ಎಂದೆ. ನನ್ನ ದನಿಯಲ್ಲಿ ಏನು ಕೇಳಿಸಿತೋ, ಇಬ್ಬರೂ ಹೊರಗೆ ಹೋದರು.

"ಅವತ್ತು ನಾನು ಬೆಳವಂಗಲದಿಂದ ಓಡಿ ಬಂದಾಗ," ಎಂದೆ, "ಅವರನ್ನ ಆಸ್ಪತ್ರೆಗೆ ತಗೊಂಡ್ ಹೋಗಾಗಿತ್ತು. ಶೆಡ್ಡಿಗೆ ಹೋದೆ. ಮಗ್ಗದ ಪಕ್ಕ ಒಂದು ಲೋಟ ಇತ್ತು. ತಳದಲ್ಲಿ ಜೀರಿಗೆ."

ಅತ್ತೆ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡರು.

"ಎದೆ ಉರಿ ಅಂದಿರ್ಬೇಕು. ನೀವು ಗ್ಯಾಸು ಅಂತ ಕಷಾಯ ಕಾಸಿ ಕೊಟ್ಟಿದ್ದೀರ. ಕುಡ್ಕೊಂಡು ಮಗ್ಗದ ಮುಂದೆ ನಿಂತಿದ್ದಾರೆ. ಆ ಲೋಟನ ನಾನೇ ತೊಳೆದು ಗೂಡಲ್ಲಿಟ್ಟೆ. ಯಾರಿಗೂ ಹೇಳ್ಲಿಲ್ಲ. ನರೇಶನಿಗೆ ಗೊತ್ತಿಲ್ಲ, ಸ್ನೇಹಂಗೂ ಗೊತ್ತಿಲ್ಲ."

"ಮಮತಾ," ಎಂದರು ಅತ್ತೆ. ಮೂರು ವರ್ಷದಲ್ಲಿ ಅವರು ನನ್ನನ್ನು ಹೆಸರು ಹಿಡಿದು ಹಾಗೆ ಕರೆದಿರಲಿಲ್ಲ.

"ನಾನು ಯಾವತ್ತಾದ್ರೂ ಕಷಾಯದ ಮಾತು ಎತ್ತಿದೀನಾ ಅತ್ತೆ? ಎತ್ತಬೋದಿತ್ತು. ಡಾ‌ಕ್ಟರ ಹತ್ರ ಕಳಿಸೋದು ಬಿಟ್ಟು ಜೀರಿಗೆ ಕಾಸಿದ್ರು ಅಂತ ಬೀದಿ ತುಂಬ ಹೇಳ್ಬೋದಿತ್ತು. ಹೇಳ್ಲಿಲ್ಲ. ಯಾಕಂದ್ರೆ ಆ ಕಷಾಯ ಅವರನ್ನ ಸಾಯಿಸಲಿಲ್ಲ. ನಾನಿದ್ದಿದ್ರೂ ಅದನ್ನೇ ಕಾಸ್ತಿದ್ದೆ. ಕಷಾಯಾನೂ ಸಾಯಿಸಲಿಲ್ಲ, ಈ ಗೋಡೆನೂ ಸಾಯಿಸಲಿಲ್ಲ. ನಾನು ನಿಮ್ಮ ಮೇಲೆ ಹಾಕ್ಲಿಲ್ಲ. ನೀವು ನನ್ನ ಮೇಲೆ ಹಾಕೋದನ್ನ ನಾನು ಒಪ್ಪಲ್ಲ. ಸಾಯೋತನಕ ಒಪ್ಪಲ್ಲ."

ಹೇಳಿ ಮುಗಿಸಿದ ಮೇಲೆ ನನಗೇ ಭಯವಾಯಿತು. ಎಪ್ಪತ್ತು ದಾಟಿದ ಹೆಂಗಸು, ಇದನ್ನು ಹೇಗೆ ತಡೆದುಕೊಳ್ಳುತ್ತಾರೋ ಎನ್ನಿಸಿತು. ಅತ್ತೆ ನಿಧಾನವಾಗಿ ಬಂದು ಮಕ್ಕಳು ಕೂರುವ ಚಾಪೆಯ ಮೇಲೆ, ನನ್ನ ಎದುರು ಸಾಲಿನಲ್ಲಿ ಕೂತರು. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದರು, ಬಿಡಿಸಿದರು.

"ಇನ್ನೊಂದು ಲೋಟ ಕೇಳ್ದ ಕಣೆ," ಎಂದರು. "ಕಮ್ಮಿ ಆಗಿಲ್ಲಮ್ಮ, ಇನ್ನೊಂಚೂರು ಮಾಡ್ಕೊಡು ಅಂದ. ಒಲೆ ಮೇಲೆ ಸಾರಿತ್ತು. ಆಮೇಲೆ ಮಾಡ್ತೀನಿ ಹೋಗು ಅಂದೆ."

ಈ ಮಾತು ನನಗೆ ಗೊತ್ತಿರಲಿಲ್ಲ. ಅವರು ಅದನ್ನು ಒಬ್ಬರೇ ಇಟ್ಟುಕೊಂಡಿದ್ದರು. ನಾನು ಎದ್ದು ಹೋಗಿ ಅವರ ಕೈ ಹಿಡಿಯಬೇಕಿತ್ತೋ ಏನೋ. ಹಿಡಿಯಲಿಲ್ಲ. ಎದ್ದರೆ ಗೋಡೆ ಬಿಟ್ಟ ಹಾಗಾಗುತ್ತದೆ ಎಂದು ಕೂತಲ್ಲೇ ಕೂತೆ, ಕೂತುಕೊಂಡೇ ಅತ್ತುಬಿಟ್ಟೆ. ಅವರು ಅಳಲಿಲ್ಲ. ಹೊರಗೆ ನರೇಶ ಎರಡು ಸಲ ಕೆಮ್ಮಿದ.

ಸ್ವಲ್ಪ ಹೊತ್ತಿಗೆ ಅತ್ತೆ ಮೊಣಕಾಲಿಗೆ ಕೈ ಊರಿ ಎದ್ದರು. ಬಾಗಿಲಿಗೆ ಹೋಗಿ ಹೊರಗೆ ನೋಡಿದರು.

"ಸಂಜೀವಪ್ಪ, ಕಾಫಿ ಕುಡ್ಕೊಂಡು ಹೋಗು. ಮಳೆಯಲ್ಲಿ ಗಾರೆ ನಿಲ್ಲಲ್ಲ," ಎಂದು ಒಳಗೆ ಹೋಗಿಬಿಟ್ಟರು.

ಗಾರೆ ನಿಲ್ಲುವ ದಿನ ಮತ್ತೆ ಬರುತ್ತದೆ ಎಂದು ನಾನು ಕಾದೆ. ಮಳೆ ನಿಂತಿತು, ಬಿಸಿಲು ಬಂತು, ನರೇಶನ ಪ್ಲಾಸ್ಟರ್ ತೆಗೆದರು. ಅತ್ತೆ ಗೋಡೆಯ ಮಾತೆತ್ತಲಿಲ್ಲ. ನನ್ನ ಹತ್ತಿರ ಬೇರೆ ಮಾತನ್ನೂ ಹೆಚ್ಚಾಗಿ ಆಡಲಿಲ್ಲ. ಸಾರಿಗೆ ಉಪ್ಪು ಜಾಸ್ತಿ, ಮಕ್ಕಳ ಚಪ್ಪಲಿ ದಾರಿಯಲ್ಲಿ, ಕರೆಂಟು ಬಿಲ್ಲು ಕಟ್ಟಿಲ್ಲ, ಇಷ್ಟೇ. ಅವರು ನನ್ನನ್ನು ಕ್ಷಮಿಸಿದರೋ, ಹೆದರಿದರೋ, ಸಮಯ ನೋಡುತ್ತಿದ್ದಾರೋ ನನಗೆ ತಿಳಿಯಲಿಲ್ಲ. ತಿಳಿಯದೆ ಇದ್ದದ್ದು ಬೈಗುಳಕ್ಕಿಂತ ಕಷ್ಟವಾಗಿತ್ತು.

ಗೌರಿ ಹಬ್ಬಕ್ಕೆ ಮುಂಚೆ ಒಂದು ಸಂಜೆ ನಾನು ಕೋಣೆಯಲ್ಲಿ ಪಾಠ ಮಾಡುತ್ತಿದ್ದೆ. ಅತ್ತೆ ಗೇಟಿನ ಹತ್ತಿರ ಹೂವಿನವಳಿಗಾಗಿ ಕಾಯುತ್ತಾ ನಿಂತಿದ್ದರು. ಎದುರು ಮನೆಯಿಂದ ಮುತ್ತಮ್ಮ ಬಂದರು. ಅವರ ಮನೆಯ ಬಾತ್‌ರೂಮಿನ ಗೋಡೆ ಆಗಲೇ ಜಾಗ ಬದಲಿಸಿತ್ತು. ಸೊಂಟ ಮಾತ್ರ ಹಾಗೇ ಇತ್ತು.

"ಏನ್ ಗಂಗಕ್ಕ, ಇನ್ನೂ ಹಂಗೇ ಬಿಟ್ಟಿದ್ದೀರಲ್ಲ ಈ ಗೋಡೆನ?" ಮುತ್ತಮ್ಮ ದನಿ ತಗ್ಗಿಸಿದರು. ತಗ್ಗಿಸಿದರೂ ಕಿಟಕಿಯಿಂದ ನನಗೆ ಕೇಳುತ್ತಿತ್ತು. "ಅಷ್ಟು ದೊಡ್ಡ ಮಗನ್ನ ತಿಂದಿದ್ದು. ಸೊಸೆ ಮಾತು ಕೇಳ್ಕೊಂಡು ಕೂತ್ರೆ ಆಯ್ತದಾ? ನೀವೇ ನಿಂತು ಕೆಡವಿಸ್ಬಿಡಿ."

ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದ ಕೈಯನ್ನು ನಿಲ್ಲಿಸಿದೆ. ಹಿಂದೆ ಮಗ್ಗ ಬಡಿಯುತ್ತಿತ್ತು. ಮಕ್ಕಳು ತಲೆಯೆತ್ತಿ ನನ್ನನ್ನೇ ನೋಡಿದರು.

"ನನ್ನ ಮಗ ನಿಂತು ಕಟ್ಸಿದ ಗೋಡೆ ಮುತ್ತಮ್ಮ ಅದು," ಎಂದರು ಅತ್ತೆ. ದನಿ ತಗ್ಗಿಸಲಿಲ್ಲ. "ಅವನು ಹೋಗಿದ್ದು ಅವನ ಕಾಲ ಮುಗಿದಿದ್ದಕ್ಕೆ. ಇನ್ನೊಂದ್ಸಲ ನನ್ನ ಸೊಸೆ ಮೇಲೆ ಹಾಕಿದ್ರೆ ನಿನ್ನ ಮೊಮ್ಮಗಳನ್ನ ಇಲ್ಲಿಗೆ ಕಳಿಸ್ಬೇಡ."